ಕುಂಕುಮ ಇಟ್ಟ ಲಂಟಾನ

ಜುಲೈ 3, ಗುರುವಾರ. ಬೆಳಿಗ್ಗೆ 10

ಬೆಟ್ಟದ ಮೆಟ್ಟಿಲ ಪಕ್ಕದ ಕುರುಚಲಿನಲ್ಲಿ ಕೀಳಲು ಇನ್ನು ಇಪ್ಪತ್ಮೂರೇ ಲಂಟಾನ ಕಳೆ ಉಳಿದಿವೆ. ಒಂದು ವರ್ಷದ ಕೆಲಸ, ಮುಗಿದ ಹಾಗೇ. ಈ ಬೆಟ್ಟದ್ದೇ ಗಿಡಗಳಾದ ಕಾರೆ, ತಂಗಡಿ ಮತ್ತೆ ಚಿಗುರಿವೆ. ಕೂಲಿಯವರು ಅವನ್ನೇ ಕಿತ್ತುಬಿಟ್ಟಾರು ಅಂತ ಲಂಟಾನಕ್ಕೆ ನಾನೇ ಗುರುತು ಹಾಕಿದೆ. ನಾಲ್ಕು ಮೂಲೆಯ ಕಾಂಡ, ಸಣ್ಣ ಮುಳ್ಳು, ಎಲೆ ಉಜ್ಜಿದರೆ ಘಾಟು — ಮೂವತ್ತು ವರ್ಷ ಸೈನ್ಸ್ ಪಾಠ ಮಾಡಿದವಳು, ನನಗೆ ತಪ್ಪುತ್ತದೆಯೇ. ಪೇಂಟ್ ಡಬ್ಬಿ ಮನೆಯಲ್ಲೇ ಉಳಿದಿತ್ತು. ಬ್ಯಾಗಿನಲ್ಲಿ ಕುಂಕುಮದ ಪೊಟ್ಟಣ ಸಿಕ್ಕಿತು. ಒದ್ದೆ ಮಾಡಿ ಎಲ್ಲದರ ಬುಡಕ್ಕೂ ಬಳಿದೆ. ಎದ್ದು ಕಾಣುತ್ತಿದೆ. ಶನಿವಾರ ಕೂಲಿಗೆ ಕೆಂಚಮ್ಮ, ಮೂಗಯ್ಯ ಬಂದು ಕಿತ್ತರೆ ಆಯಿತು.

ಜುಲೈ 5, ಶನಿವಾರ

ನನ್ನ ಬುದ್ಧಿಗಿಷ್ಟು! ನಿನ್ನೆ ಆಷಾಢ ಶುಕ್ರವಾರ. ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದ ಹೆಂಗಸರು ನನ್ನ ಲಂಟಾನಕ್ಕೂ ಹಚ್ಚಿದ್ದಾರೆ. ಹೂವು, ಊದುಬತ್ತಿ... ಒಂದಕ್ಕೆ ಹಸಿರು ಬಳೆ. ಮೂಗಯ್ಯ ಚಪ್ಪಲಿ ಬಿಟ್ಟು ಕೈಮುಗಿದ. ಕೆಂಚಮ್ಮ ಗುದ್ದಲಿ ಕೆಳಗಿಟ್ಟಳು.

"ಕುಂಕುಮ ಇಟ್ಟಿರೋ ಗಿಡುಕ್ಕೆ ನಾನು ಗುದ್ಲಿ ಆಕಲ್ಲ ಕಣ್ರವ್ವ."

ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲು ಇಟ್ಟವಳು ನಾನೇ ಅಂತ ಮಾತ್ರ ನಾನು ಬಾಯಿ ಬಿಡಲಿಲ್ಲ.

ಜುಲೈ 8, ಮಂಗಳವಾರ

ಕಾಯಿ ಕಪ್ಪಾಗುತ್ತಿದೆ. ಹಕ್ಕಿ ತಿಂದರೆ ಬೆಟ್ಟಕ್ಕೆಲ್ಲ ಬೀಜ. ಬರುವ ಶುಕ್ರವಾರ ಮತ್ತೆ ಜನ. ಅಷ್ಟರೊಳಗೆ ಕೀಳದಿದ್ದರೆ ಅಲ್ಲೊಂದು ಗುಡಿ ಗ್ಯಾರಂಟಿ, ನನ್ನ ಒಂದು ವರ್ಷ ಮಣ್ಣುಪಾಲು. ಬೇರೆ ಕೂಲಿಯವರೂ ನೋಡಿ ವಾಪಸ್ ಹೋದರು.

ಸಂಜೆ ವಿದ್ಯಾರಣ್ಯಪುರಂನಲ್ಲಿರುವ ಕೆಂಚಮ್ಮನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮೈಯೆಲ್ಲ ನಾಚಿಕೆ. ಅವಳು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಟ್ಟೋರು ನೀವು ಟೀಚರಮ್ಮ. ಮೊದ್ಲ ಏಟು ನೀವೇ ಆಕಿ. ಆಮೇಲ್ ನೋಡವ."

ಜುಲೈ 10, ಗುರುವಾರ. ಸಂಜೆ 5

ಹಾಕಿದೆ. ಗುದ್ದಲಿ ಎತ್ತುವ ಮುಂಚೆ ಕೈ ತಾನಾಗಿ ಕೆನ್ನೆ ಬಡಿದುಕೊಂಡಿತು — ಸೈನ್ಸ್ ಟೀಚರಂತೆ! ಕೆಂಚಮ್ಮ ನೋಡಿಯೂ ನೋಡದ ಹಾಗಿದ್ದಳು. ಆಮೇಲೆ ಸೆರಗು ಸಿಕ್ಕಿಸಿ ಅವಳೂ ಇಳಿದಳು, ಹಿಂದೆಯೇ ಮೂಗಯ್ಯ. ನೆಲದಿಂದ ಮೂರು ಇಂಚು ಕೆಳಗೆ ಕಡಿದು, ಬೇರು ಮೇಲೆ ಮಾಡಿ ಒಣಗಲು ಇಟ್ಟೆವು. ಮಣ್ಣು ತಾಗಿದರೆ ಮತ್ತೆ ಚಿಗುರುತ್ತದೆ. ಕಾಯಿಯೆಲ್ಲ ಚೀಲಕ್ಕೆ. ಇಪ್ಪತ್ಮೂರೂ ಮುಗಿಯಿತು. ಸೊಂಟ ಹಿಡಿದಿದೆ, ಪರವಾಗಿಲ್ಲ.

ಬಳೆ ಏನು ಮಾಡುವುದು ಅಂದೆ. ಕೆಂಚಮ್ಮ ಅದನ್ನು ಪಕ್ಕದ ಕಾರೆ ಗಿಡಕ್ಕೆ ಹಾಕಿದಳು. ಆ ಗಿಡವನ್ನು ಇನ್ನು ಯಾರೂ ಮುಟ್ಟಲ್ಲ ಅಂದಳು.

ಮನೆಗೆ ಬಂದು ಬ್ಯಾಗು ನೋಡಿದೆ. ಪೊಟ್ಟಣದಲ್ಲಿ ಇನ್ನೂ ಅರ್ಧ ಕುಂಕುಮ ಇದೆ. ನಾಳೆ ಶುಕ್ರವಾರ. ಜನ ಬರುವ ಮುಂಚೆ ಹೋದರೆ ಕಾರೆಗೆಲ್ಲ, ತಂಗಡಿಗೂ —