ದಣಿಗೆ ಹಾಕಿದ ಹರಕೆಯ ಅಕ್ಕಿ

ಹಾಲಾಡಿ
18-11-2024, ಸೋಮವಾರ

ಪ್ರೀತಿಯ ಸರೋಜಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ವಿನಯಾ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಫೋನಿನಲ್ಲಿ ಮೂರು ಸಲ ಹೇಳಲು ಹೊರಟೆ. ಮೂರು ಸಲವೂ ನೀವು ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದು ಇಟ್ಟುಬಿಟ್ಟಿರಿ. ಅಕ್ಕ, ನಮ್ಮಲ್ಲಿ ಉಣ್ಣುವ ಮೊದಲೇ ಬಟ್ಟಲು ಗೋಡೆಗೆ ಬಡಿಯುತ್ತಿತ್ತು. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಪದ್ದು ನಾಳೆ ಮುಂಬಯಿ ಬಸ್ಸು ಹತ್ತುತ್ತಾಳೆ, ಅವಳ ಕೈಯಲ್ಲೇ ಕೊಡುತ್ತೇನೆ. ಬರುವ ಶನಿವಾರ ನಿಮ್ಮ ತಮ್ಮನನ್ನು ಕುಂದಾಪುರದ ಆಸ್ಪತ್ರೆಯಿಂದ ಮನೆಗೆ ಬಿಡುತ್ತಾರಂತೆ. ಅವರು ಈ ಮನೆಗೆ ಬರಬಾರದು. ನಮ್ಮವರ ಅಳಿಯಕಟ್ಟಿನಂತೆ ಅತ್ತೆ ಈ ಮನೆಯನ್ನು ಮಗಳಾದ ನಿಮ್ಮ ಹೆಸರಿಗೆ ಬರೆದಿದ್ದಾರೆ. ನೀವು ಬೇಡ ಅಂದರೆ ಅವರು ಮೆಟ್ಟಿಲು ಹತ್ತುವಂತಿಲ್ಲ. ಆ ಒಂದು ಮಾತು ಕೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ. ದಮ್ಮಯ್ಯ, ಪೂರ್ತಿ ಓದಿ.

ಅವರು ಮುಂಬಯಿ ಕ್ಯಾಂಟೀನು ಮುಚ್ಚಿ ಊರಿಗೆ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಫ್ಲವರ್‌ಹಾರ್ನ್ ಮೀನಿನ ಮರಿ ತಂದದ್ದು ನಿಮಗೆ ಗೊತ್ತು. ನೀವೇ ಅಲ್ಲವೇ ಬಸ್ಸು ಹತ್ತಿಸಿದ್ದು! ಆಗ ಅದು ಎರಡು ಇಂಚು, ನನ್ನ ಹೆಬ್ಬೆರಳಿನಷ್ಟು. ದಣಿ ಅಂತ ಹೆಸರಿಟ್ಟರು. ಚಾವಡಿಯಲ್ಲಿ ಅತ್ತೆ ಕೂರುತ್ತಿದ್ದ ಮಂಚ ತೆಗೆಸಿ, ಅಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ಇಡಿಸಿದರು. ಪ್ರತಿ ಭಾನುವಾರ ಟೇಪು ಹಿಡಿದು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ತಿಂಗಳಿಗೆ ಒಂದಿಂಚು, ಕೆಲವು ಸಲ ಒಂದೂಕಾಲು. ಎಂಟು ತಿಂಗಳಿಗೆ ಹತ್ತು ಇಂಚು ದಾಟಿತು. ತಲೆಯ ಮೇಲೆ ಕೆಂಪು ಗುಬುಟು ಎದ್ದಿತು, ಮೈ ಮೇಲೆ ಅಕ್ಷರದಂಥ ಕಪ್ಪು ಗುರುತುಗಳು ಮೂಡಿದವು. ಆಗ ಮನೆ ಸ್ವಲ್ಪ ತಣ್ಣಗಿತ್ತು, ಸುಳ್ಳು ಯಾಕೆ ಹೇಳಲಿ.

ಹಾಕುವುದು, ತೊಳೆಯುವುದು ಎಲ್ಲ ನನ್ನ ತಲೆಗೆ. ದಿನಕ್ಕೆ ಮೂರು ಸಲ ಮೀನಿನ ಕಾಳು. ಮಧ್ಯಾಹ್ನ ಕೋಡಿಯ ಕಡಲತೀರದಿಂದ ಬಂದ ಹಸಿ ಸಿಗಡಿ, ಅದೂ ಸಿಪ್ಪೆ ಬಿಡಿಸಿ, ನರ ತೆಗೆದು, ಸಣ್ಣಗೆ ಹೆಚ್ಚಿ. ನಮಗೆ ಅದರ ತಲೆಯ ಸಾರು! ಗಾಜು ಒರೆಸಲು ಕೈ ಇಳಿಸಿದರೆ ದಣಿ ನುಗ್ಗಿ ಕಚ್ಚುತ್ತಿತ್ತು. ಕಿರುಬೆರಳಿನ ಉಗುರು ಕಿತ್ತುಹೋದ ದಿನ ನಿಮ್ಮ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಟ್ಟು ಬಂದರೆ ಗುಬುಟು ಬೆಳೆಯುತ್ತದೆ ಅಂತ ದಿನಾ ಬೆಳಿಗ್ಗೆ ಗಾಜಿಗೆ ಕನ್ನಡಿ ಹಿಡಿಯುತ್ತಿದ್ದರು. ಅದು ತನ್ನ ಮುಖಕ್ಕೇ ಡಿಕ್ಕಿ ಹೊಡೆಯುತ್ತಿತ್ತು. ಒಮ್ಮೆ ಒಂದು ಹೆಣ್ಣು ಮೀನು ತಂದು ಬಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಣ್ ಈಗ, ಅಂದರು. ಅರ್ಧ ಗಂಟೆಯಲ್ಲಿ ಅದರ ರೆಕ್ಕೆಗಳಿರಲಿಲ್ಲ, ಒಂದು ಕಣ್ಣೂ ಇರಲಿಲ್ಲ. ತೆಗೆಯಿರಿ ಅಂತ ನಾನು ಅತ್ತು ಬೇಡಿದೆ. ತೆಗೆಯಲು ಬಿಡಲಿಲ್ಲ.

ಮಂಗಳೂರಿನ ಪ್ರದರ್ಶನಕ್ಕೆ ಹನ್ನೆರಡು ಇಂಚು ಆಗಬೇಕು ಅಂತ ಅವರ ಆಸೆ. ಮೀನು ಹತ್ತೂಮುಕ್ಕಾಲಿಗೆ ನಿಂತುಬಿಟ್ಟಿತು. ಕುಂದಾಪುರದಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟಿರುವ ಉಲ್ಲಾಸ್ ನನ್ನೆದುರೇ ಹೇಳಿದ, ಸುಧಾಕರಣ್ಣ, ವರ್ಷ ತುಂಬಿದ್ ಮೇಲೆ ಇವು ಹಾಂಗೆಲ್ಲ ಬೆಳೂದಿಲ್ಲೆ, ಸುಮ್ನೆ ಜಾಸ್ತಿ ತಿನ್ಸ್‌ಬೇಡಿ, ಅಂತ. ಮನೆಗೆ ಬಂದವರೇ ಬಾಗಿಲು ಹಾಕಿದರು. ಸಿಗಡಿ ನಾನು ಕದ್ದು ತಿನ್ನುತ್ತೇನಂತೆ, ಅದಕ್ಕೇ ಮೀನು ಬೆಳೆಯುವುದಿಲ್ಲವಂತೆ! ಬೆಲ್ಟು ಹರಿಯುವ ತನಕ ಹೊಡೆದರು. ಮುಂದಿನ ಭಾನುವಾರಗಳಲ್ಲೂ ಟೇಪು ತೆಗೆಯುತ್ತಿದ್ದರು. ಹತ್ತೂಮುಕ್ಕಾಲು ಬಂದರೆ ಕಪಾಳಕ್ಕೆ. ಒಂದು ಭಾನುವಾರ ಅಳತೆ ಒಂದು ನೂಲು ಕಮ್ಮಿ ಬಂತು, ಅವತ್ತು ಎಡಗಿವಿ ಹೋಯಿತು. ಇವತ್ತಿಗೂ ಆ ಕಡೆ ಕೇಳುವುದಿಲ್ಲ. ಬಚ್ಚಲಲ್ಲಿ ಜಾರಿದೆ ಅಂತ ನಾನೇ ನಿಮಗೆ ಹೇಳಿದ್ದೆ, ನೆನಪಿದೆಯಾ? ಮಾನ ಮುಚ್ಚಿಕೊಳ್ಳಲು ಹೇಳಿದ ಸುಳ್ಳು ಅದು.

ಈಗ ಅಕ್ಕಿಯ ವಿಷಯ. ಅತ್ತೆಯ ಎರಡೂ ಕೈಗೆ ತುರಿಕೆ ಹತ್ತಿ ಆರು ತಿಂಗಳಾಯಿತು. ಬ್ರಹ್ಮಾವರದ ಕಡೆಯ ಹೊಳೆಯಲ್ಲಿ ದೇವರ ಮೀನುಗಳಿಗೆ ಒಂದು ಸೇರು ಅಕ್ಕಿ ಹಾಕುತ್ತೇನೆ ಅಂತ ಹರಕೆ ಹೊತ್ತಿದ್ದರು. ಮಂಡಿ ನೋವಿನಲ್ಲಿ ಹೋಗುವುದು ಹೇಗೆ? ಕರೆದುಕೊಂಡು ಹೋಗು ಅಂತ ಮಗನನ್ನು ಕೇಳಿದರೆ, ಹೋಪ, ಹೋಪ, ಅಂತ ಮುಂದೆ ಹಾಕುತ್ತಲೇ ಬಂದರು. ಕಳೆದ ಸೋಮವಾರ ನಿಮ್ಮ ತಮ್ಮ ಬೈಂದೂರಿಗೆ ಮದುವೆಗೆ ಹೋದರು, ನಾನು ಪೇಟೆಗೆ ಹೋದೆ. ಬಂದು ನೋಡುತ್ತೇನೆ, ತೊಟ್ಟಿಯ ತಳ ಕಾಣುವುದಿಲ್ಲ! ಸೇರು ಕುಚ್ಚಲಕ್ಕಿ ಪೂರ್ತಿ ಒಳಗೆ. ಅತ್ತೆ ಕೈ ಮುಗಿದು ನಿಂತಿದ್ದಾರೆ. ಹಣಿ ಮೇಲೆ ಕುಂಕುಮ ಇತ್ತ್, ಮೈ ಮೇಲೆ ಅಕ್ಷರ ಇತ್ತ್, ಇದ್ ದೇವ್ರ್ ಮೀನಲ್ದೆ ಮತ್ತೆಂತ ಹೆಣೆ, ಅಂದರು. ನನಗೆ ನಗು ಬಂತು ಅಕ್ಕ. ಅದೇ ಕೊನೆಯ ನಗು.

ಜರಡಿಯಲ್ಲಿ ಎಷ್ಟು ತೆಗೆದರೂ ದಣಿ ಅಷ್ಟರಲ್ಲಿ ಗಂಟಲ ತನಕ ನುಂಗಿತ್ತು. ಮೊದಲೇ ಹೊಟ್ಟೆಬಾಕ. ಅಕ್ಕಿ ಒಳಗೆ ಅರಳಿ ಹೊಟ್ಟೆ ತೆಂಗಿನಕಾಯಿಯ ಹಾಗೆ ಉಬ್ಬಿತು. ಬುಧವಾರ ಮಧ್ಯಾಹ್ನ ನಿಮ್ಮ ತಮ್ಮ ಬರುವಾಗ ಮಗ್ಗುಲಾಗಿ ತೇಲುತ್ತಿತ್ತು, ಕಿವಿರು ಮಾತ್ರ ಆಡುತ್ತಿತ್ತು. ತಳದಲ್ಲಿ ಉಳಿದ ಅಕ್ಕಿ ಕಂಡಿತು. ಯಾರ್ ಹಾಕಿದ್ದ್ ಇದ್, ಅಂದರು. ಮೆಲ್ಲಗೆ ಅಂದರು, ಅದಕ್ಕೇ ನನಗೆ ಹೆದರಿಕೆ ಹತ್ತಿತು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಅಂದೆ, ನಾನೇ ಹಾಕ್ದೆ. ಎಪ್ಪತ್ತನಾಲ್ಕರ ಮುದುಕಿ, ಒಂದು ಏಟು ತಡೆಯುತ್ತಾರಾ?

ನನ್ನ ಜುಟ್ಟು ಹಿಡಿದು ತಲೆಯನ್ನು ತೊಟ್ಟಿಯೊಳಗೆ ಒತ್ತಿದರು. ತಿನ್ನ್, ನೀನೇ ತಿನ್ನ್, ಅನ್ನುವುದು ನೀರೊಳಗೂ ಕೇಳುತ್ತಿತ್ತು. ಮೂಗಿಗೆ ಅಕ್ಕಿ ಹೋಯಿತು. ಎತ್ತಿದರು, ಮತ್ತೆ ಒತ್ತಿದರು. ಗಾಜಿನ ಅಂಚಿಗೆ ಗಲ್ಲ ಸೀಳಿತು. ಮೂರನೇ ಸಲಕ್ಕೆ ನನ್ನ ಕೈಕಾಲು ಸೋತವು, ಇದು ಮುಗಿಯಿತು ಅಂದುಕೊಂಡೆ. ಆಮೇಲೆ ಹೇಗೋ ಬಿಡಿಸಿಕೊಂಡೆ. ಗೋಡೆಗೆ ಒರಗಿಸಿದ್ದ ಒನಕೆ ಕೈಗೆ ಸಿಕ್ಕಿತು. ಹೊಡೆದೆ. ಹೆಗಲ ಮೂಳೆ ಮುರಿದದ್ದು ಕೇಳಿತು. ಎರಡನೇ ಪೆಟ್ಟು ಗಾಜಿಗೆ ಬಿದ್ದು ತೊಟ್ಟಿ ಒಡೆಯಿತು. ಅದರ ಚೂರೇ ಅವರ ಮುಂಗೈಯನ್ನು ಮೂಳೆ ಕಾಣುವಷ್ಟು ಸೀಳಿದ್ದು. ಚಾವಡಿ ತುಂಬ ನೀರು, ರಕ್ತ, ಅಕ್ಕಿ. ನಿಮ್ಮ ತಮ್ಮ ಒಂದೇ ಕೈಯಲ್ಲಿ ನೆಲ ತಡಕಾಡುತ್ತಾ ಮೀನನ್ನು ಹುಡುಕುತ್ತಿದ್ದರು. ಪದ್ದುವಿನ ಗಂಡ ಸುಧೀರ್ ಓಡಿ ಬಂದು ಆಂಬುಲೆನ್ಸಿಗೆ ಫೋನು ಮಾಡಿದ. ಅಷ್ಟರಲ್ಲಿ ದಣಿ ಸತ್ತಿತ್ತು.

ಹೆಂಡತಿ ಹೊಡೆದಳು ಅಂತ ಅವರು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ. ಹೌದು ಅಂತ ನಾನೂ ರುಜು ಹಾಕಿದ್ದೇನೆ. ಕೇಸು ಏನಾಗುತ್ತದೋ ಆಗಲಿ. ಹೊಡೆದದ್ದಕ್ಕೆ ಕಿಂಚಿತ್ತೂ ಬೇಜಾರಿಲ್ಲ. ಆದರೆ ಆಸ್ಪತ್ರೆಯಿಂದ ನಿನ್ನೆ ಹೇಳಿ ಕಳಿಸಿದ್ದಾರೆ: ಶನಿವಾರ ಬತ್ತೆ, ತಯಾರಿರ್, ಅಂತ. ನನಗೆ ತವರು ಇಲ್ಲ. ಇದ್ದರೂ ಅತ್ತೆಯನ್ನು ಬಿಟ್ಟು ಹೋಗಲಾರೆ. ನಿಮ್ಮ ತಮ್ಮ ಒಳಗೆ ಬಂದರೆ ನಮ್ಮಿಬ್ಬರಲ್ಲಿ ಒಬ್ಬರ ಹೆಣ ಹೊರಗೆ ಹೋಗುತ್ತದೆ, ಅಕ್ಕ. ಒಡಹುಟ್ಟಿದವನ ಮೇಲೆ ನಿಮಗೆ ಕರುಳು ಇರುತ್ತದೆ, ಇರಲಿ. ಅವರನ್ನು ನಿಮ್ಮಲ್ಲಿಗೇ ಕರೆಸಿಕೊಳ್ಳಿ. ಈ ಬಾಗಿಲು ಮಾತ್ರ ಬೇಡ ಅನ್ನಿ.

ನಿಮ್ಮ ಒಂದು ಮಾತಿಗೆ ಕಾದಿರುವ,
ವಿನಯಾ

ತಾ.ಕ.: ಅಂಟು ಹಾಕುವ ಮೊದಲು ಅತ್ತೆ ಓದಿ ಹೇಳು ಅಂದರು, ಓದಿದೆ. ಒನಕೆಯ ಮಾತು ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಪೊಲೀಸರಿಗೆ ಎಂತ ಬೇಕಾದರೂ ಹೇಳು, ನನ್ನ ಮಗಳಿಗೆ ಸುಳ್ಳು ಬರೆಯಬೇಡ ಅಂತ ಹಠ ಹಿಡಿದರು. ಹೌದು ಅಕ್ಕ, ನಾನು ಬಿಡಿಸಿಕೊಳ್ಳಲಿಲ್ಲ, ನನ್ನ ತಲೆ ನೀರಲ್ಲೇ ಇತ್ತು. ನಿಮ್ಮ ತಮ್ಮನಿಗೂ ಅದು ಗೊತ್ತು, ಹೆತ್ತವಳು ಹೊಡೆದಳು ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ಓದಿದ ಮೇಲೆ ಈ ಹಾಳೆ ಸುಟ್ಟುಬಿಡಿ. ಅತ್ತೆ ನಿಮಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: ಸರೋಜಾ, ಹೊಡದ್ದ್ ನಾನ್. ಮಗ ಅಂದೇಳಿ ಒಂದ್ ಪೆಟ್ಟ್ ಕಮ್ಮಿ ಹೊಡ್ದೆ. ಅಂವ ಒಳ್ಗೆ ಬಂದ್ರೆ ಆ ಪೆಟ್ಟೂ ಕೊಡ್ತೆ.