ಕೇಳದೆ ಉಣ್ಣುವ ಎಂಟು ದಿನ

ಸೆಪ್ಟೆಂಬರ್ 8, 2025. ಸೋಮವಾರ. ಸುಬಾಂಗ್ ಜಯಾ, ಮಲೇಷ್ಯಾ. ಬೆಳಿಗ್ಗೆ 7.20

ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ತಿಂಡಿ. ಎಂದಿನ ಮೇಜು. ಕೆಳಗಿನ ಮಹಡಿಯ ಶಾಹಿದಾ ಎಂದಿನಂತೆ ನನಗಿಂತ ಮೊದಲು ಅಡುಗೆಮನೆಯ ಕಿಂಡಿಗೆ ಹೋಗಿ ಕೇಳಿದಳು. "ಸಾಂಬಾಲ್ ಅದಾ ಇಕಾನ್ ಬಿಲಿಸ್ ತಾಕ್?" ಖಾರದ ಚಟ್ನಿಯಲ್ಲಿ ಒಣಮೀನು ಇದೆಯಾ ಎಂದು. ಇಲ್ಲವೆಂದ ಮೇಲೆ ಬಂದು ಕೂತಳು. ಸಸ್ಯಾಹಾರಿ ನಾನು, ಕೇಳುವವಳು ಅವಳು. ಹನ್ನೊಂದು ವರ್ಷದಿಂದ ಹೀಗೆ. ನನಗೂ ಅಷ್ಟು ಮಲಯ್ ಬರುತ್ತದೆ. ಆದರೆ ನನಗೆ ಮುಲಾಜಿಗೆ ಇಲ್ಲ ಅಂದುಬಿಡುತ್ತಾರಂತೆ, ಅವಳ ಹತ್ತಿರ ಸುಳ್ಳು ಹೇಳಲು ಹೆದರುತ್ತಾರಂತೆ. ಫಾರ್ಮಸಿಯಲ್ಲಿ ಕೆಲಸ. ಕೇಳುವ ಧಾಟಿಯೇ ಹಾಗೆ.

ಹಂಗೇರಿಯ ಕಾದಂಬರಿ ವಾಪಸ್ ಕೊಟ್ಟಳು. ಯಾವಾಗಲೂ ಪೇಪರ್ ಸುತ್ತಿ ಕೊಡುತ್ತಾಳೆ. "ಅನುವಾದ ಮಾಡಿದವ್ರಿಗೆ ಅಡುಗೆ ಬರೋದಿಲ್ಲ ಅಕ್ಕ. ಸಾರನ್ನು ಹುರಿದ್ರು ಅಂತ ಬರ್ದಿದ್ದಾರೆ." ನಾನು ಗಮನಿಸಿರಲಿಲ್ಲ. ಬೇಸರವಾಯಿತು.

ಆಮೇಲೆ, ರೊಟ್ಟಿ ಮುರಿಯುತ್ತ — "ನಾವು ಹೆಸರು ಕೊಟ್ಟೆವು. ರೌಫ್ ಒಪ್ಪಿದ್ರು."

ರೌಫ್ ಅವಳ ಗಂಡ. ಹೆಸರು ಕೊಟ್ಟದ್ದು ನಮ್ಮ ಕಂಪನಿಯ ಟೂರ್‌ಗೆ. ಅಕ್ಟೋಬರ್ 25. ಸಿಸಿಲಿ, ಎಟ್ನಾ ಬೆಟ್ಟದ ಉತ್ತರ ಇಳಿಜಾರು, ವೈನ್ ಮತ್ತು ಆಲಿವ್ ಎಣ್ಣೆಯ ರುಚಿ ನೋಡುವುದು. ವೈನ್ ಮುಟ್ಟದವರಿಗೆ ಎಣ್ಣೆ ಮಾತ್ರದ ತಂಡ ಮಾಡೋಣವೆಂದು ಹೇಳಿದ್ದು ನಾನೇ.

"ಇಲ್ಲಿ ನೀವು ಕೇಳ್ಬೇಕು, ಆಚೆ ದೇಶಕ್ಕೆ ಹೋದ್ರೆ ಹಲಾಲಾ ಅಂತ ನಾವು ಕೇಳ್ಬೇಕು. ಪ್ಯಾರಿಸ್‌ನಲ್ಲಿ ಐದು ದಿನ ಬಾಳೆಹಣ್ಣು ತಿಂದದ್ದು ಗೊತ್ತುಂಟಲ್ಲ ನಿಮ್ಗೆ? ಎಂಟು ದಿನ ಯಾರನ್ನೂ ಕೇಳದೆ ಉಣ್ಣೋದು ಅಂದ್ರೆ... ನನಗೆ ಬೆಟ್ಟ ಕಾಣದಿದ್ರೂ ಅಡ್ಡಿ ಇಲ್ಲ ಮಾರಾಯ್ರೆ."

ಸೆಪ್ಟೆಂಬರ್ 9

ಪೆಟಾಲಿಂಗ್ ಜಯಾ ಆಫೀಸು. ಬ್ರೋಷರ್ ಕೊನೆಯ ಪ್ರೂಫ್. ನಾನು ಬರೆದದ್ದು: "ಲಾವಾ ಹರಿದು ತಣಿದ ನೆಲ. ಅದರ ಮೇಲೆ ಮೊದಲು ಹಾವಸೆ, ನಂತರ ಪೊದೆ, ಬಹಳ ಕಾಲದ ಮೇಲೆ ದ್ರಾಕ್ಷಿ ಮತ್ತು ಆಲಿವ್." ಕೀರ್ತಿರಾಜ್ ತಿದ್ದಿದ್ದು: "ಅಗ್ನಿಪರ್ವತದ ಮಡಿಲಲ್ಲಿ ಮರೆಯಲಾಗದ ಸವಿ!" ಉದ್ಗಾರ ಚಿಹ್ನೆ ತೆಗೆದೆ. ಮತ್ತೆ ಹಾಕಿದರು. ಕಂಪನಿ ಅವರದು.

ಒಂದು ವಾಕ್ಯ ಮಾತ್ರ ಮುಟ್ಟಲಿಲ್ಲ. "ಎಣ್ಣೆ ತಂಡದ ಮೇಜಿನಲ್ಲಾಗಲಿ ಅಡುಗೆಯಲ್ಲಾಗಲಿ ವೈನ್ ಇರುವುದಿಲ್ಲ. ಕೇಳಬೇಕಾದ್ದನ್ನೆಲ್ಲ ನಾವು ಮೊದಲೇ ಕೇಳಿರುತ್ತೇವೆ." ಹತ್ತು ಸಲ ತಿದ್ದಿ ಬರೆದ ವಾಕ್ಯ. ಅಚ್ಚಿಗೆ ಹೋಯಿತು.

ನಾಲ್ಕು ವರ್ಷದಿಂದ ಈ ಬೆಟ್ಟದ ಬಗ್ಗೆ ಬರೆಯುತ್ತಿದ್ದೇನೆ. ನೋಡಿಲ್ಲ. "ಮುಂದಿನ ಸಲ ನೀವೇ ಗ್ರೂಪ್ ಲೀಡರ್ ಮೇಡಂ" — ನಾಲ್ಕು ಸಲ ಹೇಳಿದ್ದಾರೆ.

ಸೆಪ್ಟೆಂಬರ್ 12, ಶುಕ್ರವಾರ. ಮಧ್ಯಾಹ್ನ 3

ಟೂರಿನವರು ರುಚಿ ನೋಡಲು ಹೋಗುವ ಎಟ್ನಾದ ಎಸ್ಟೇಟಿನ ರೊಸಾಲಿಯಾಳಿಂದ ಉತ್ತರ. ನಾನು ಕೇಳಿದ್ದ ಎರಡು ಪ್ರಶ್ನೆಗೆ ಎರಡು ಉತ್ತರ. ಊಟದ ಪಟ್ಟಿ ಇಟಾಲಿಯನ್‌ನಲ್ಲಿ. ಮೆಷಿನ್ ಅನುವಾದ ನಂಬದೆ ಒಂದೊಂದೇ ಪದ ನಿಘಂಟಿನಲ್ಲಿ ನೋಡಿದೆ.

ಒಂದು. ಅವರ ಬಿಳಿ ವೈನ್ ತಿಳಿಯಾಗಲು ಮೀನಿನ ಅಂಟು ಹಾಕುತ್ತಾರೆ. ವೈನ್ ತಂಡದ ಹದಿನಾಲ್ಕು ಜನರೂ ಸಸ್ಯಾಹಾರಿಗಳು.

ಎರಡು. ಎಸ್ಟೇಟಿನಲ್ಲಿ ಮೂರು ಮಧ್ಯಾಹ್ನದ ಊಟ. ಎಣ್ಣೆ ತಂಡದ ಆರು ಜನಕ್ಕೂ ಅದೇ ಅಡುಗೆ. ಮೊದಲ ದಿನದ ಬೇಳೆ, ಎರಡನೇ ದಿನದ ಸಾಸ್, ಮೂರನೇ ದಿನದ ಬೇಯಿಸಿದ ಪಿಯರ್ ಹಣ್ಣು — ಎಲ್ಲಕ್ಕೂ ವೈನ್ ಹಾಕುತ್ತಾರೆ. ವೈನ್ ಇಲ್ಲದೆ ಮಾಡಲು ಬೇರೆ ಅಡುಗೆಯವಳು ಬೇಕು. ಮಾಡಬಹುದು. ಅಕ್ಟೋಬರ್ ಒಂದರೊಳಗೆ ತಿಳಿಸಿ.

ಸ್ಪಷ್ಟವಾದ ಪತ್ರ. ಎಲ್ಲರೂ ಹೀಗೆ ಬರೆದರೆ ಎಷ್ಟು ಚೆನ್ನ.

ಸೆಪ್ಟೆಂಬರ್ 15

ಪತ್ರವನ್ನು ಪ್ರಿಂಟ್ ಮಾಡಿ ಕೀರ್ತಿರಾಜ್ ಮುಂದಿಟ್ಟೆ. ಮೊದಲನೆಯ ಪ್ಯಾರಾ ಓದಿ ಎದ್ದು ನಿಂತರು.

"ಮೀನಾ? ಮೇಡಂ, ಎರಡು ವರ್ಷ ನಾನೇ ಕುಡಿದಿದ್ದೀನಲ್ರೀ ಅದನ್ನ! ನಮ್ಮಮ್ಮಂಗೂ ಒಂದು ಬಾಟ್ಲು ತಗೊಂಡ್ಹೋಗಿ ಕೊಟ್ಟಿದ್ದೀನಿ, ದ್ರಾಕ್ಷಿ ಜ್ಯೂಸು ಅಂತ!"

ನಗು ಬಂತು. ಅವರಿಗೆ ಬರಲಿಲ್ಲ. ಬೇಸಿನ್ನಿಗೆ ಹೋಗಿ ಬಾಯಿ ಮುಕ್ಕಳಿಸಿದರು — ಎರಡು ವರ್ಷದ ಮೇಲೆ! ಅಲ್ಲಿಂದಲೇ ರೊಸಾಲಿಯಾಳಿಗೆ ಫೋನ್. ಮೀನಿನಂಟು ಹಾಕದ, ಸ್ವಲ್ಪ ಮಬ್ಬಾದ ವೈನ್ ಇದೆಯಂತೆ. ಹದಿನಾಲ್ಕು ಜನಕ್ಕೂ ಅದೇ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

"ಎರಡನೆಯದು?" ಎಂದೆ.

"ಎರಡನೆಯದೇನು... ಬೇಯಿಸಿದ್ರೆ ಆಲ್ಕೋಹಾಲ್ ಎಲ್ಲಾ ಹಾರ್ಹೋಗುತ್ತೆ ಮೇಡಂ. ಸೈನ್ಸು."

"ಮೀನು ಕೂಡ ಸೋಸುವಾಗ ಹೋಗುತ್ತೆ. ಪತ್ರದಲ್ಲಿ ಬರೆದಿದ್ದಾಳೆ."

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

"ಆರು ಜನಕ್ಕೆ ಬೇರೆ ಅಡುಗೆಯವಳು, ಬೇರೆ ಪಾತ್ರೆ... ಅವರೇನು ಅಡುಗೆಮನೆಗೆ ಹೋಗಿ ನೋಡ್ತಾರಾ? ಇಟಾಲಿಯನ್ ಯಾರಿಗೆ ಬರುತ್ತೆ, ನಿಮ್ಮನ್ನ ಬಿಟ್ಟು?" ಡ್ರಾಯರ್ ತೆಗೆದರು. "ಇಗೋ ತಗೊಳ್ಳಿ. ಸರ್‌ಪ್ರೈಸ್ ಕೊಡೋಣ ಅಂತಿದ್ದೆ."

ಟಿಕೆಟ್. ನನ್ನ ಹೆಸರಿನಲ್ಲಿ. ಗ್ರೂಪ್ ಲೀಡರ್ — ವಾಸಂತಿ ದಾಮೋದರ.

ಥ್ಯಾಂಕ್ಸ್ ಅಂದೆ. ಅಂದದ್ದು ದಾಖಲಾಗಿರಲಿ.

ಸೆಪ್ಟೆಂಬರ್ 20, ಶನಿವಾರ

ಆಫೀಸಿನ ಕಾನ್ಫರೆನ್ಸ್ ರೂಮಿನಲ್ಲಿ ಹೊರಡುವವರಿಗೆಲ್ಲ ಎಣ್ಣೆಯ ರುಚಿ. ಬಣ್ಣ ಕಾಣಬಾರದೆಂದು ಕಡುನೀಲಿ ಪುಟ್ಟ ಲೋಟಗಳು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು, ಇನ್ನೊಂದು ಕೈ ಮುಚ್ಚಿ ಹಿಡಿಯಬೇಕು, ತೆಗೆದು ಮೂಸಬೇಕು, ಗಾಳಿಯ ಜೊತೆ ಸೊರ್ ಎಂದು ಎಳೆಯಬೇಕು. ಒಳ್ಳೆಯ ಎಣ್ಣೆ ನಾಲಿಗೆಗೆ ಕಹಿ, ಗಂಟಲಿಗೆ ಖಾರ. ಕೆಮ್ಮು ಬರಬೇಕು. ಹೇಳಿಕೊಡಲು ನಾನೇ ನಿಂತೆ.

ಎಲ್ಲರೂ ಕೆಮ್ಮಿದರು. ಮೈಸೂರಿನ ಹೆಂಗಸೊಬ್ಬರು ಸಂಕೋಚದಿಂದ "ಇದು ಕೆಟ್ಟೋಗಿದೆ ಅನ್ಸುತ್ತೆ, ಯಾರೂ ಹೇಳ್ತಿಲ್ಲ" ಅಂದರು. ರೌಫ್ ಕಣ್ಣೊರೆಸಿಕೊಂಡು — "ಏನ್ರೀ ಅಕ್ಕಾರ, ಇದು ಎಣ್ಣಿ ಐತೋ ಕಷಾಯ ಐತೋ? ನಮ್ಮ ಹುಬ್ಬಳ್ಳ್ಯಾಗ ಜ್ವರ ಬಂದ್ರ ಹಿಂಗಾ ಕುಡಸ್ತಿದ್ರು."

ಶಾಹಿದಾ ಕೆಮ್ಮಲಿಲ್ಲ. ಕಣ್ಣು ಮುಚ್ಚಿ ಮೂಸಿದಳು. ಭಟ್ಕಳದಲ್ಲಿ ಅವಳ ಅಜ್ಜಿ ಕೊಬ್ಬರಿ ಗಾಣದ ಮುಂದೆ ನಿಂತು ಎಣ್ಣೆಯ ವಾಸನೆಯಿಂದಲೇ ಕೊಬ್ಬರಿ ಎಷ್ಟು ಒಣಗಿತ್ತೆಂದು ಹೇಳುತ್ತಿದ್ದರಂತೆ. "ಎರಡನೇದು ಹಳತು ಅಕ್ಕ," ಅಂದಳು. ಬಾಟಲಿ ತಿರುಗಿಸಿ ನೋಡಿದೆ. ಎರಡು ವರ್ಷ ಹಿಂದಿನ ಬೆಳೆಯದು.

ಹೊರಡುವಾಗ ಬ್ಯಾಗಿನಿಂದ ಬ್ರೋಷರ್ ತೆಗೆದಳು. ನನ್ನ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ.

"ಇದು ನೀವೇ ಬರ್ದದ್ದಲ್ವಾ? ಓದಿದ ಕೂಡ್ಲೆ ಗೊತ್ತಾಯ್ತು. ಎಲ್ಲ ಕೇಳಿದ್ದೀರಲ್ಲ?"

"ಕೇಳಿದ್ದೇವೆ," ಎಂದೆ.

"ಮತ್ತೆ ನೀವೇ ಕರ್ಕೊಂಡು ಹೋಗೋದು. ಇನ್ನೆಂತ ಬೇಕು!"

ಕೇಳಿದ್ದು ನಿಜ. ಉತ್ತರ ಬಂದದ್ದೂ ನಿಜ. ಸುಳ್ಳು ಹೇಳದೆ ಹೇಗೆ ನುಣುಚಿಕೊಳ್ಳಬಹುದೆಂದು ನನಗೆ ಇಷ್ಟು ಚೆನ್ನಾಗಿ ಗೊತ್ತಿದೆ ಎಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 21

ನಮ್ಮ ಯಜಮಾನರು ದಾಮೋದರ, ಮೆಲಾಕಾದ ಕಾಲೇಜಿನಿಂದ ಶನಿವಾರ ಸಂಜೆ ಬಂದವರು ಭಾನುವಾರ ಮೂರಕ್ಕೇ ಹೊರಡುತ್ತಾರೆ. ಸೋಮವಾರ ಎಂಟಕ್ಕೆ ಕ್ಲಾಸು. ಪಾಠ ಮಾಡುವುದು ಅಂಗರಚನೆ. ಊಟಕ್ಕೆ ಕೂತಾಗ ವಿಷಯ ಹೇಳಿದೆ.

"ಕಾಲೇಜು ಕ್ಯಾಂಟೀನಲ್ಲಿ ಒಂಬತ್ತು ವರ್ಷದಿಂದ ನೂಡಲ್ಸ್ ತಿಂತಿದ್ದೀನಿ. ಏನು ಹಾಕ್ತಾರೆ ಅಂತ ಒಂದಿನ ಕೇಳಿದ್ದೀನಾ? ಕೇಳಿದ್ರೆ ತಾನೇ ತೊಂದ್ರೆ."

"ನಿಮ್ಮ ತಟ್ಟೆ ಅದು. ಇದು ಅವಳ ತಟ್ಟೆ."

"ನಾಲ್ಕು ವರ್ಷ ಆ ಬೆಟ್ಟ ಬೆಟ್ಟ ಅಂತಿದ್ದೆ. ಹೋಗಿ ಬಾ. ಬಂದ್ಮೇಲೆ ಬೇಕಾದ್ರೆ ಪಶ್ಚಾತ್ತಾಪ ಪಡು, ಟೈಮ್ ಇರುತ್ತೆ." ತಮಾಷೆಗೇ ಅಂದರು. ಮೊಸರು ಹಾಕಿಸಿಕೊಂಡರು. ನಾನು ಸಿಟ್ಟಾಗಬೇಕಿತ್ತು. ಸಮಾಧಾನವಾಯಿತು. ಅದೇ ಅಸಹ್ಯ.

ಸೆಪ್ಟೆಂಬರ್ 28

ರೊಸಾಲಿಯಾಳಿಗೆ ಪತ್ರ ಬರೆದೆ. ನಾಲ್ಕು ಸಾಲು. ದಯವಿಟ್ಟು ಬೇರೆ ಅಡುಗೆಯವಳನ್ನು ಗೊತ್ತುಮಾಡಿ, ಆರು ಜನ, ಮೂರು ಊಟ. ಕೀರ್ತಿರಾಜ್ ಅನುಮತಿ ಇಲ್ಲದೆ ಕಳಿಸಿದರೆ ಕೆಲಸ ಹೋಗುತ್ತದೆ, ಅದರ ಜೊತೆ ಟಿಕೆಟ್. ಅನುಮತಿ ಕೇಳಿದರೆ ಸಿಗುವುದಿಲ್ಲ. ಡ್ರಾಫ್ಟ್‌ನಲ್ಲಿ ಇಟ್ಟೆ.

ಇಂಗ್ಲಿಷ್ ಚೆನ್ನಾಗಿದೆ, ಪತ್ರದ್ದು.

ಅಕ್ಟೋಬರ್ 2

ನಿನ್ನೆ ಒಂದನೇ ತಾರೀಖಿತ್ತು.

ಅಕ್ಟೋಬರ್ 11

ಒಂಬತ್ತು ದಿನ ಏನೂ ಬರೆದಿಲ್ಲ. ಪೋರ್ಚುಗೀಸ್ ಕಾದಂಬರಿಯ ನಲವತ್ತು ಪುಟ ಓದಿದೆ, ಯಾರು ಯಾರೆಂದು ನೆನಪಿಲ್ಲ.

ಶಾಹಿದಾ ಮೇಲೆ ಬಂದಿದ್ದಳು, ಹೊಸ ಬೂಟು ತೋರಿಸಲು. ಲಾವಾ ಕಲ್ಲಿಗೆ ಹಿಡಿತ ಇರುವಂಥದ್ದು. ಹಾಲ್‌ನಲ್ಲಿ ಎರಡು ಸುತ್ತು ನಡೆದು ತೋರಿಸಿದಳು. "ಸೂಟ್‌ಕೇಸಿನಲ್ಲಿ ಈ ಸಲ ಬ್ರೆಡ್ಡು ಇಲ್ಲ, ಬಿಸ್ಕತ್ತು ಇಲ್ಲ, ಎಂತದೂ ಇಲ್ಲ ಅಕ್ಕ. ಅರ್ಧ ಖಾಲಿ. ರೌಫ್ ಅದರಲ್ಲಿ ಎಣ್ಣೆ ತುಂಬಿಸಿ ತರ್ತಾರಂತೆ."

ಚಹಾ ಮಾಡಿದೆ. ಹಾಲು ಉಕ್ಕಿಸಿಬಿಟ್ಟೆ. ಒಲೆ ಒರೆಸುವ ನೆಪದಲ್ಲಿ ಅಡುಗೆಮನೆಯಲ್ಲೇ ಬಹಳ ಹೊತ್ತು ನಿಂತೆ.

ಅಕ್ಟೋಬರ್ 14

ಗ್ರೂಪ್ ಲೀಡರ್‌ಗೆ ಸೂಚನೆಗಳು — ಕೀರ್ತಿರಾಜ್ ವಾಟ್ಸಾಪ್ ಮಾಡಿದ್ದಾರೆ. ಆರನೆಯದು: "ಎಸ್ಟೇಟ್ ಊಟದ ಮೆನು ಕಾರ್ಡ್ ಎಣ್ಣೆ ತಂಡದ ಟೇಬಲ್ ಮೇಲೆ ಇಡಬೇಡಿ."

ಆರೂ ಜನರ ಎದುರು ನಾನೇ ಕೂತಿರುತ್ತೇನೆ. ಕಾರ್ಡ್ ನನ್ನ ಬ್ಯಾಗಿನಲ್ಲಿರುತ್ತದೆ. ಶಾಹಿದಾ ಬೇಳೆ ಬಡಿಸಿಕೊಂಡು, ಮೂಸಿ, ನನ್ನ ಮುಖ ನೋಡುತ್ತಾಳೆ.

ನೋಡುವುದೂ ಇಲ್ಲವೇನೋ. ಕೇಳದೆ ಉಣ್ಣುವುದಕ್ಕೆಂದೇ ಬಂದಿರುತ್ತಾಳೆ.

ಅಕ್ಟೋಬರ್ 18, ಶನಿವಾರ. ಬೆಳಿಗ್ಗೆ 9

ಮಾಮಕ್ ಅಂಗಡಿ. ಹೊಸ ಅಡುಗೆಯವನು. ಶಾಹಿದಾ ಕಿಂಡಿಗೆ ಹೋಗಿ ಕೇಳಿದಳು. "ತಡಾ, ಕಾಕ್," ಅಂದ — ಇಲ್ಲ ಅಕ್ಕ. ತಟ್ಟೆ ಬಂತು. ನಾನು ಚಮಚ ಎತ್ತಿದ್ದೆ.

"ನಿಲ್ಲಿ." ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಾಂಬಾಲ್ ಬೆರಳಲ್ಲಿ ತೆಗೆದು ನೆಕ್ಕಿದಳು. "ಉಂಟು. ಅರೆದು ಹಾಕಿದ್ದಾನೆ. ಬೆಲಾಚಾನ್ ಕೂಡ ಉಂಟು, ಸಿಗಡಿಯದ್ದು."

ತಟ್ಟೆ ಹಿಡಿದು ಕಿಂಡಿಗೆ ಹೋದಳು. ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಜಗಳ. ಮಲಯ್, ತಮಿಳು, ಕೊನೆಗೆ ಕನ್ನಡ. "ಇಲ್ಲ ಅಂತ ಹೇಗೆ ಹೇಳ್ತಿ ನೀನು? ಅವರು ಹನ್ನೊಂದು ವರ್ಷದಿಂದ ಇಲ್ಲಿ ತಿಂತಾರೆ! ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಗೊತ್ತಿದ್ದು ಇಲ್ಲ ಅಂತಾರಾ ಯಾರಾದ್ರೂ?" ಕನ್ನಡದ ಒಂದು ಪದವೂ ಅವನಿಗೆ ಅರ್ಥವಾಗಲಿಲ್ಲ. "ಸಾರಿ ಲಾ, ಕಾಕ್, ಸಾರಿ ಲಾ," ಅನ್ನುತ್ತಲೇ ಇದ್ದ.

ಬಂದು ಕೂತಳು. "ಬಿಡಿ ಅಕ್ಕ, ದೋಸೆ ಹೇಳಿದ್ದೇನೆ. ನೀವ್ಯಾಕೆ ಅಳ್ತೀರಿ? ಬಾಯಿಗೆ ಹೋಗ್ಲಿಲ್ಲ ಅಲ್ವಾ?"

ಈರುಳ್ಳಿ ಹುರಿಯುವ ಹೊಗೆ ಎಂದೆ.

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ 6.40

ನಾಳೆ ದೀಪಾವಳಿ. ದಾಮೋದರ ಇನ್ನೂ ಮಲಗಿದ್ದಾರೆ. ಕೆಳಗಿನ ಮನೆಯಲ್ಲಿ ನಲ್ಲಿಯ ಸದ್ದು. ಅವರು ಎದ್ದಿದ್ದಾರೆ.

ಸೆಪ್ಟೆಂಬರ್ 12ರ ಪತ್ರ ಪ್ರಿಂಟ್ ಮಾಡಿದ್ದೇನೆ. ಊಟದ ಪಟ್ಟಿಯನ್ನು ಪದ ಬಿಡದೆ ಕನ್ನಡಕ್ಕೆ ಮಾಡಿ ಕೆಳಗೆ ಬರೆದಿದ್ದೇನೆ. ಬೇಳೆ, ಸಾಸ್, ಪಿಯರ್. ಆರನೆಯ ಸೂಚನೆಯನ್ನೂ ಸೇರಿಸಿದ್ದೇನೆ. ಟಿಕೆಟ್ ಬೇರೆ ಕವರಿನಲ್ಲಿದೆ, ಮಂಗಳವಾರ ಕೀರ್ತಿರಾಜ್ ಮೇಜಿನ ಮೇಲೆ ಇಡುತ್ತೇನೆ. ಉಳಿದ ನಾಲ್ವರಿಗೂ ಇದೇ ಪ್ರತಿ ಕಳಿಸುತ್ತೇನೆ. ಆದರೆ ಮೊದಲು ಕೆಳಗಿನ ಮನೆ.

ಅವಳು ಪತ್ರ ಓದುತ್ತಾಳೆ. ಕನ್ನಡಕ ಹುಡುಕುತ್ತಾಳೆ, ಸಿಗುವುದಿಲ್ಲ, ರೌಫ್ ತಂದುಕೊಡುತ್ತಾರೆ. ಪೂರ್ತಿ ಓದಿದ ಮೇಲೆ ಕೀರ್ತಿರಾಜ್‌ಗೆ ಬಯ್ಯುತ್ತಾಳೆ. ನಿಮಗೆ ಈಗ ಗೊತ್ತಾಯ್ತಾ ಅಕ್ಕ ಎಂದು ಕೇಳುತ್ತಾಳೆ. ಹೌದು ಅಂದರೆ ಮುಗಿಯಿತು. ಬೂಟು ವಾಪಸ್ ಕೊಡಲು ಇಬ್ಬರೂ ಮಾಲ್‌ಗೆ ಹೋಗಬಹುದು. ಹಬ್ಬ ಮುಗಿದ ಮೇಲೆ ಮತ್ತೆ ಅದೇ ಮೇಜು.

ಪತ್ರದ ಮೇಲ್ಭಾಗದಲ್ಲಿ ತಾರೀಖು ಇದೆ. ಸಣ್ಣ ಅಕ್ಷರ. ಅವಳು ಗಮನಿಸದೇ ಇರಬಹುದು. ಕತ್ತರಿಸಿ ತೆಗೆಯಲೂಬಹುದು — ಕತ್ತರಿ ಇಲ್ಲೇ ಇದೆ.

ಇಲ್ಲ. ಪತ್ರ ಕೈಗೆ ಕೊಡುವ ಮೊದಲೇ ತಾರೀಖು ಹೇಳಬೇಕು. ಬಾಗಿಲಲ್ಲೇ, ಒಳಗೆ ಕರೆಯುವ ಮೊದಲು. ಮೂವತ್ತೇಳು ದಿನದಿಂದ ನನಗೆ ಗೊತ್ತಿತ್ತು ಶಾಹಿದಾ. ಹಾಗೇ, ಒಂದೇ ವಾಕ್ಯ. ಆಮೇಲೆ ಅವಳು ಏನೆನ್ನುತ್ತಾಳೋ ಬರೆಯಲಾರೆ; ಕತ್ತರಿ ಡ್ರಾಯರಿಗೆ ಹಾಕಿ ಕೆಳಗಿಳಿಯುತ್ತಿದ್ದೇನೆ.