ಬೆರಳಿಗಂಟಿದ ಸೊಗಡು

ಜನವರಿ ೮, ಗುರುವಾರ

ಯಶವಂತಪುರದ ಬಾಡಿಗೆ ಮನೆಯ ಮಾಲೀಕರಿಗೆ ನಾಳೆ ಉತ್ತರ ಹೇಳಬೇಕು. ಅಲ್ಲಿಗೆ ಹೋದರೆ ಆಫೀಸು ಹತ್ತಿರ, ದಿನಾ ತುಮಕೂರಿಂದ ರೈಲು ಹತ್ತುವುದು ತಪ್ಪುತ್ತದೆ. ಬೆಳಿಗ್ಗೆ ಬೆಂಗಳೂರಿನವರೆಗೂ ಒಂಟಿಕಾಲಲ್ಲಿ ನಿಂತಾಗ, ಹೂಂ ಎಂದುಬಿಡೋಣ ಅನ್ನಿಸಿತ್ತು.

ಸಂಜೆ ಸೀಟೇನೋ ಸಿಕ್ಕಿತು, ರೈಲು ಮಾತ್ರ ಸಿಗ್ನಲ್‌ಗೆ ನಿಂತೇಬಿಟ್ಟಿತು. ಗುಬ್ಬಿಯ ನೇತ್ರಾವತಿ ಅಕ್ಕ ಎಂದಿನಂತೆ ಅವರೆಕಾಯಿ ಚೀಲ ಬಿಚ್ಚಿ, ಸುತ್ತ ಕೂತವರ ಮಡಿಲಿಗೆಲ್ಲ ಸುರಿದರು. ನಾನು ಮುಖ ಊದಿಸಿಕೊಂಡಿದ್ದೆ.

"ಸಿಡುಕಿದ್ರೆ ರೈಲು ಹೊರಡ್ತದಾ? ಸುಲಿ ಕಣೇ."

ಸುಲಿದೆ. ಯಾರೋ ಅತ್ತೆಯ ದೂರು ತೆಗೆದರು, ನಿಂತವರೂ ನಕ್ಕರು. ಕಿಟಕಿಯಿಂದ ಕೊನೆಯ ಬಿಸಿಲು ಬಂದು ಹಸಿರು ಕಾಳಿನ ಮೇಲೆ ಕೂತಿತು. ರೈಲು ಹೊರಟಾಗ, ಕಾಯಿ ಇನ್ನೂ ಉಳಿದಿದೆಯಲ್ಲ ಎಂದು ನನಗೇ ಬೇಸರವಾಯಿತು. ಆಮೇಲೆ ನಗು ಬಂತು.

ಇಳಿಯುವಾಗ ಅಕ್ಕ ನನ್ನ ಊಟದ ಡಬ್ಬಿಗೆ ಕಾಳು ತುಂಬಿದರು. "ಉಳಿದಿದ್ದು ನಾಳಿಕ್ಕೆ. ಬರ್ತೀಯಲ್ಲ?"

ಮನೆಗೆ ಬಂದು ಹಿಸುಕಿದ ಬೇಳೆಗೆಂದು ಕಾಳು ನೆನೆಹಾಕುವಾಗ ಗಂಡ ಸಿದ್ಧಾರ್ಥ್ ಕೇಳಿದರು, "ಯಶವಂತಪುರದ ಮನೆಯವ್ರಿಗೆ ಏನ್ ಹೇಳ್ಲಿ?"

"ಬೇಡ ಅನ್ರಿ."

ನಾಳೆಯೂ ನಿಂತೇ ಹೋಗಬೇಕಾದೀತು. ಬೈದುಕೊಳ್ಳುತ್ತೇನೆ, ಗೊತ್ತು. ಪೆನ್ನು ಹಿಡಿದ ಬೆರಳಲ್ಲಿ ಇನ್ನೂ ಅವರೆಯ ಸೊಗಡು. ಎದ್ದು ಸೋಪು ಹಚ್ಚಬೇಕು. ಮನಸ್ಸಿಲ್ಲ.